ವೈರಸ್ ಭಯಕ್ಕೆ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 34 ವರ್ಷ. ಅಮ್ಮ ಕೊಟ್ಟ ಕಿಡ್ನಿ ಕಸಿ ಮಾಡಿಸಿಕೊಂಡು 14 ತಿಂಗಳಾಯಿತು. ಕಿಡ್ನಿ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ 1.1 ಇದೆ. ಕಸಿ ಆದವರಿಗೆ ವೈರಸ್‌ನಿಂದ ಕ್ಯಾನ್ಸರ್ ಬರುತ್ತದೆಂದು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ಕಳೆದ ವಾರ ಎರಡು ರಾತ್ರಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಲಿಲ್ಲ. ಪ್ರಮಾಣವನ್ನು ನಾನೇ ಸ್ವಲ್ಪ ಇಳಿಸಿಕೊಳ್ಳಬಹುದೇ?
– ಹೆಸರು ಬೇಡ

ಉತ್ತರ: ಬೇಡ ತಂಗಿ. ಈ ರಾತ್ರಿಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ. ತಪ್ಪಿದ್ದಕ್ಕೆಂದು ಎರಡು ಪಟ್ಟು ನುಂಗಬೇಡಿ. ಕಸಿ ಕ್ಲಿನಿಕ್ಕಿಗೆ ಫೋನ್ ಮಾಡಿ, ಎರಡು ರಾತ್ರಿ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ. ರಕ್ತದಲ್ಲಿ ಔಷಧದ ಮಟ್ಟ ನೋಡಬೇಕಾಗುತ್ತದೆ. ದೇಹ ಕಿಡ್ನಿಯನ್ನು ತಿರಸ್ಕರಿಸತೊಡಗಿದರೆ ಮೊದಮೊದಲು ನೋವಿರುವುದಿಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ.

ನೀವು ಓದಿದ್ದು ಸುಳ್ಳಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಅದು ಏಳದಂತೆ ಕಾಯುವುದು ರೋಗದೊಡನೆ ಹೋರಾಡುವ ಟಿ ಜೀವಕೋಶಗಳು. ಅಮ್ಮನ ಕಿಡ್ನಿಯ ಮೇಲೆ ಬೀಳದಂತೆ ಟ್ಯಾಕ್ರೊಲಿಮಸ್ ಎಂಬ ಕಸಿಯ ಮಾತ್ರೆ ಹಿಡಿದಿಡುವುದೂ ಅವನ್ನೇ. ಕಾವಲು ಸಡಿಲವಾದಾಗ ವೈರಸ್ ತಲೆಯೆತ್ತಿದರೆ ಕೆಲವರಲ್ಲಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಆಗುತ್ತದೆ. ಕಸಿಯಾದವರಲ್ಲಿ ಸ್ತನ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ವೈರಸ್ಸಿನ ನಂಟಿರುವ ಲಿಂಫೋಮಾ, ಚರ್ಮದಲ್ಲಿ ಕಾಣುವ ಕಪೋಸಿ ಸಾರ್ಕೋಮಾದಂಥ ಕ್ಯಾನ್ಸರ್‌ಗಳು ಹಲವು ಪಟ್ಟು ಹೆಚ್ಚುತ್ತವೆ. ಆದರೂ ಲಿಂಫೋಮಾ ಬರುವುದು ಕೆಲವರಿಗೆ ಮಾತ್ರ. ಅದರ ಅಪಾಯ ಅತಿ ಹೆಚ್ಚಿರುವ ಮೊದಲ ವರ್ಷವನ್ನು ನೀವು ದಾಟಿದ್ದೀರಿ. ಈ ವೈರಸ್ಸೇ ಇಲ್ಲದವರಿಗೆ ವೈರಸ್ ಇರುವವರ ಕಿಡ್ನಿ ಹಾಕಿದಾಗ, ಅದರಲ್ಲೂ ಮಕ್ಕಳಲ್ಲಿ, ನಾವು ಹೆಚ್ಚು ಹೆದರುತ್ತೇವೆ. ಕಸಿಗೆ ಮುಂಚೆ ನಿಮ್ಮಿಬ್ಬರ ರಕ್ತಪರೀಕ್ಷೆಯಲ್ಲಿ ಏನು ಬಂದಿತ್ತೆಂದು ಕೇಳಿ ತಿಳಿದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ತಪಾಸಣೆಗೆ ಬಂದು ಎಲ್ಲ ಚೆನ್ನಾಗಿದೆ ಎಂದರು. ಎದ್ದು ಹೊರಡುವಾಗ ಅವರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕೂರಿಸಿ ಮುಟ್ಟಿ ನೋಡಿದೆ. ದವಡೆಯ ಕೆಳಗೆ ಗೋಲಿಯಷ್ಟು ಗಂಟು. ರಬ್ಬರಿನಂತೆ ಗಟ್ಟಿ, ನೋವಿಲ್ಲ. ಎರಡು ತಿಂಗಳಿಂದ ಇತ್ತಂತೆ. ಬಯಾಪ್ಸಿಯಲ್ಲಿ ಬಂದದ್ದು ಇದೇ ವೈರಸ್ಸಿನ ಲಿಂಫೋಮಾ. ನಾವು ಮೊದಲು ಮಾಡಿದ್ದು ಔಷಧದ ಪ್ರಮಾಣ ಇಳಿಸುವುದನ್ನೇ. ನಿಮಗೆ ಹೊಳೆದದ್ದೂ ಅದೇ, ಆ ಯೋಚನೆ ದಡ್ಡತನದ್ದಲ್ಲ. ಆದರೆ ಅವರ ಕ್ರಿಯಾಟಿನಿನ್ನನ್ನು ವಾರವಾರವೂ ನೋಡುತ್ತ ಇಳಿಸಿದೆವು, ಜೊತೆಗೆ ಲಿಂಫೋಮಾಕ್ಕೆ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟೆವು. ಗಂಟು ಕರಗಿತು, ಕಿಡ್ನಿಯೂ ಉಳಿಯಿತು. ಆ ಎರಡು ತಿಂಗಳು ಅವರು ಸುಮ್ಮನಿದ್ದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ನಿಮ್ಮ ವಯಸ್ಸಿಗೆ ಇನ್ನೊಂದು ಮಾತು ಹೇಳಲೇಬೇಕು. ಎಚ್‌ಪಿವಿ ವೈರಸ್ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ಕಸಿ ಕ್ಲಿನಿಕ್ಕಿನಲ್ಲಿ ಮಾತೆಲ್ಲ ಕಿಡ್ನಿಯ ಸುತ್ತಲೇ ತಿರುಗುತ್ತದೆ. ಗರ್ಭಕಂಠದ ಪರೀಕ್ಷೆ ಆಯಿತೇ ಎಂದು ನಾವು ಕೇಳುವುದಿಲ್ಲ, ಸಂಕೋಚದಿಂದ ನೀವೂ ಎತ್ತುವುದಿಲ್ಲ. ಇದು ನಮ್ಮ ತಪ್ಪು. ಈ ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆಗಳು ವರ್ಷಗಟ್ಟಲೆ ಮೊದಲೇ ಪರೀಕ್ಷೆಯಲ್ಲಿ ಸಿಗುತ್ತವೆ, ಆಗಲೇ ತೆಗೆದುಹಾಕಬಹುದು. ನಿಮ್ಮಂಥವರಿಗೆ ಈ ಪರೀಕ್ಷೆ ಉಳಿದವರಿಗಿಂತ ಬೇಗಬೇಗ ಆಗಬೇಕು. ಸ್ತ್ರೀರೋಗ ತಜ್ಞರಿಗೆ ಕಸಿಯಾಗಿರುವುದನ್ನು ಮೊದಲೇ ತಿಳಿಸಿ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಕಸಿಗೆ ಮುಂಚೆ ಹಾಕಿಸಿಕೊಂಡರೆ ಹೆಚ್ಚು ಫಲ. ಈಗಲೂ ಹಾಕಿಸಿಕೊಳ್ಳಬಹುದೇ ಎಂದು ಕೇಳಿ.

ಲಿವರ್ ಕ್ಯಾನ್ಸರ್ ತರಬಲ್ಲ ಹೆಪಟೈಟಿಸ್ ಬಿ, ಸಿ ವೈರಸ್‌ಗಳ ಪರೀಕ್ಷೆ ಕಸಿಗೆ ಮುಂಚೆಯೇ ಆಗಿರುತ್ತದೆ.

ಸ್ನಾನ ಮಾಡುವಾಗ ಕತ್ತು, ಕಂಕುಳು, ತೊಡೆಸಂದಿ ಮುಟ್ಟಿ ನೋಡಿಕೊಳ್ಳಿ. ಗಂಟು, ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಚರ್ಮದ ಮೇಲೆ ನೇರಳೆ ಬಣ್ಣದ ಮಚ್ಚೆ, ಏನೇ ಕಂಡರೂ ಮುಂದಿನ ತಪಾಸಣೆಯವರೆಗೆ ಕಾಯದೆ ಅದೇ ವಾರ ಬಂದು ತೋರಿಸಿ.