ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಕೊಡುವ ಜೊಲೆಡ್ರೊನಿಕ್ ಆಸಿಡ್‌ನಿಂದ ದವಡೆ ಹಾಳಾಗುತ್ತದಂತೆ. ಅಮ್ಮನಿಗೆ ನಿಲ್ಲಿಸಿಬಿಡಲೇ?

ನಿಲ್ಲಿಸಬೇಡಿ. ಸ್ತನ ಕ್ಯಾನ್ಸರ್, ಸೊಂಟದ ಮೂಳೆಗೆ ಹರಡಿದೆ, ತಿಂಗಳಿಗೊಮ್ಮೆ ಈ ಔಷಧಿಯ ಡ್ರಿಪ್ ಅಂತ ಬರೆದಿದ್ದೀರಿ. ನಮ್ಮ ಅಮ್ಮನದೂ ಅದೇ ಕಥೆ. ನೀವು ಹೆದರುತ್ತಿರುವ ದವಡೆಯ ತೊಂದರೆ ನಮ್ಮ ಮನೆಗೆ ಬಂದೇ ಬಂತು. ಆದರೂ ನಿಲ್ಲಿಸಬೇಡಿ ಅನ್ನುತ್ತಿದ್ದೇನೆ.

ಡ್ರಿಪ್ ಶುರುವಾಗಿ ವರ್ಷ ದಾಟಿತ್ತು. ಸೊಂಟದ ನೋವು ಎಷ್ಟು ಇಳಿದಿತ್ತೆಂದರೆ ಅಮ್ಮ ಮತ್ತೆ ನಿಂತು ರೊಟ್ಟಿ ತಟ್ಟುತ್ತಿದ್ದರು. ಆಗ ಕೆಳದವಡೆಯ ಹುಳುಕು ಹಲ್ಲು ನೋಯತೊಡಗಿತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಕೀಳಿಸಿದೆವು. ಡ್ರಿಪ್ ವಿಷಯ ದಂತವೈದ್ಯರಿಗೆ ಹೇಳಲಿಲ್ಲ. ಮರೆತದ್ದಲ್ಲ. ಆ ತಿಂಗಳ ಡೋಸ್ ಬಿಟ್ಟಿದ್ದೆವು, ಔಷಧಿ ಮೈಯಿಂದ ಹೋಗಿರುತ್ತೆ, ಇನ್ನೇನು ಹೇಳುವುದು ಅಂದುಕೊಂಡೆ.

ನಾನು ತಪ್ಪಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಔಷಧಿ ರಕ್ತದಿಂದ ಬೇಗ ಹೋಗುತ್ತದೆ, ಅದು ನಿಜ. ಒಂದಷ್ಟು ಮೂತ್ರದಲ್ಲಿ ಹೊರಬೀಳುತ್ತದೆ. ಉಳಿದದ್ದು ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಒಂದು ಡೋಸ್ ಬಿಟ್ಟರೆ ಏನೂ ಬದಲಾಗುವುದಿಲ್ಲ. ನಮ್ಮ ಮೂಳೆಯಲ್ಲಿ ಆಸ್ಟಿಯೊಕ್ಲಾಸ್ಟ್ ಅನ್ನುವ ಜೀವಕೋಶಗಳಿವೆ, ಹಳೆ ಮೂಳೆಯನ್ನು ಕರಗಿಸುವುದು ಅವುಗಳ ಕೆಲಸ. ಕ್ಯಾನ್ಸರ್ ಮೂಳೆಯನ್ನು ತಿನ್ನುವುದು ಹೆಚ್ಚಾಗಿ ಇವುಗಳನ್ನು ಕೆರಳಿಸಿಯೇ. ಅವು ಮೂಳೆ ಕರಗಿಸಲು ಬಂದಾಗ ಅಲ್ಲಿ ಅಂಟಿದ ಔಷಧಿಯನ್ನೂ ನುಂಗಿ ಸಾಯುತ್ತವೆ. ಅಮ್ಮನ ಸೊಂಟ ಉಳಿದದ್ದು ಹಾಗೆ. ಆದರೆ ಹಲ್ಲು ಕಿತ್ತ ಜಾಗ ಮಾಯಬೇಕಾದರೂ ಹಳೆ ಮೂಳೆ ಕರಗಿ ಹೊಸದು ಬರಬೇಕಲ್ವಾ? ಅದು ಆಗಲಿಲ್ಲ. ಮೇಲೆ ಬಾಯಿಯ ಸೋಂಕು. ವಾರಗಳು ಕಳೆದರೂ ಒಸಡು ಕೂಡಲಿಲ್ಲ, ಒಳಗಿನ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಕೀವು, ವಾಸನೆ, ಆ್ಯಂಟಿಬಯೋಟಿಕ್, ಕೊನೆಗೆ ಸತ್ತ ಮೂಳೆ ತೆಗೆಸಿದ್ದು. ರೊಟ್ಟಿ ಹೋಗಿ ಗಂಜಿ ಬಂತು. ರೂಟ್ ಕೆನಾಲ್ ಮಾಡಿಸಿ ಬೇರನ್ನು ಅಲ್ಲೇ ಬಿಡಬಹುದಿತ್ತು ಅಂತ ಆಮೇಲೆ ಗೊತ್ತಾಯಿತು.

ಔಷಧಿಯ ಮೇಲೆ ಸಿಟ್ಟು ಬಂದು ಓದಲು ಕೂತೆ. ಓದುತ್ತಾ ಹೋದಂತೆ ಸಿಟ್ಟು ಇಳಿಯಿತು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಕೋಲ್ಮನ್ ದಶಕಗಳ ಕಾಲ ಈ ಮೂಳೆಯ ವಿಷಯವನ್ನೇ ಹಿಡಿದು ಸಂಶೋಧನೆ ಮಾಡಿದವರು. ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ಏನೇನಾಗುತ್ತದೆ ಅಂತ ಅವರ ಬರಹಗಳಲ್ಲಿ ಓದಿದೆ: ಮೂಳೆ ಮುರಿಯುವುದು, ಬೆನ್ನುಹುರಿ ಒತ್ತಿ ಕಾಲಿನ ಸ್ವಾಧೀನ ತಪ್ಪುವುದು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು. ಡ್ರಿಪ್ ಕೊಡುವುದು ಇವನ್ನು ತಡೆಯಲು. ಇದೇ ಜಾತಿಯ ಹಳೆಯ ಔಷಧಿ ಪಾಮಿಡ್ರೊನೇಟ್. 1996ರಲ್ಲಿ ಪ್ರಕಟವಾದ, 380 ಸ್ತನ ಕ್ಯಾನ್ಸರ್ ರೋಗಿಗಳ ಪ್ರಯೋಗದಲ್ಲಿ ಅದು ಇಂಥ ಮೊದಲ ತೊಂದರೆಯನ್ನು ಸುಮಾರು 7 ತಿಂಗಳಿಂದ 13 ತಿಂಗಳಿಗೆ ಮುಂದೂಡಿತು.

ದವಡೆಯ ಲೆಕ್ಕವನ್ನೂ ನೋಡಿ. ಜೊಲೆಡ್ರೊನಿಕ್ ಆಸಿಡ್ ಮತ್ತು ಇದೇ ಕೆಲಸಕ್ಕೆ ಕೊಡುವ ಇನ್ನೊಂದು ಔಷಧಿ ಡೆನೊಸುಮ್ಯಾಬ್ ಅನ್ನು ಹೋಲಿಸಿದ ಮೂರು ದೊಡ್ಡ ಪ್ರಯೋಗಗಳಲ್ಲಿ 5,700ಕ್ಕೂ ಜಾಸ್ತಿ ರೋಗಿಗಳಿದ್ದರು. ದವಡೆ ಕೆಟ್ಟದ್ದು 100ಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ. ಹಾಗೆ ದವಡೆ ಕೆಟ್ಟವರಲ್ಲಿ 60%ಕ್ಕಿಂತ ಹೆಚ್ಚು ಮಂದಿ ಹಲ್ಲು ಕೀಳಿಸಿಕೊಂಡಿದ್ದವರು. ಹಾಗಾಗಿ ‘ಡ್ರಿಪ್ಪೋ ದವಡೆಯೋ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ನೋಡಬೇಕಾದ್ದು ಅಮ್ಮನ ಹಲ್ಲು, ಅದೂ ಈಗಲೇ. ಹಲ್ಲುಸೆಟ್ ಇದ್ದರೆ ಅದು ಒಸಡಿಗೆ ಉಜ್ಜುತ್ತಿದೆಯಾ ಅಂತಲೂ ನೋಡಿಸಿ.

ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ತಿರ ಒಂದು ವಿಷಯ ಒತ್ತಿ ಕೇಳಿ: ತಿಂಗಳಿಗೊಮ್ಮೆಯ ಬದಲು 12 ವಾರಕ್ಕೊಮ್ಮೆ ಕೊಡಬಹುದಾ? ಅಮೆರಿಕದಲ್ಲಿ 1,822 ರೋಗಿಗಳ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಎರಡು ವರ್ಷದೊಳಗೆ ಮೂಳೆಯ ತೊಂದರೆ ಆದದ್ದು ತಿಂಗಳಿಗೊಮ್ಮೆ ಪಡೆದವರಲ್ಲಿ 29.5%, 12 ವಾರಕ್ಕೊಮ್ಮೆ ಪಡೆದವರಲ್ಲಿ 28.6%. ಅಂದರೆ ವ್ಯತ್ಯಾಸವೇ ಇಲ್ಲ. ಖರ್ಚು, ಓಡಾಟ ಎಷ್ಟು ಉಳಿಯುತ್ತದೆ ಯೋಚಿಸಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ), ಕ್ಯಾಲ್ಸಿಯಂ ಪರೀಕ್ಷೆ ಮಾತ್ರ ಡೋಸ್‌ಗೆ ಮುಂಚೆ ಬಿಡಬೇಡಿ, ಕಿಡ್ನಿಗೆ ಈ ಔಷಧಿ ಭಾರ.

ಡೆನೊಸುಮ್ಯಾಬ್‌ಗೆ ಬದಲಾಯಿಸಿದರೆ ದವಡೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲೂ ಅದೇ ಅಪಾಯ ಇದೆ.

ದಂತವೈದ್ಯರ ಹತ್ತಿರ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋಗಿ, ಡ್ರಿಪ್ ಕೊಟ್ಟ ತಾರೀಕುಗಳನ್ನು ತೋರಿಸಿ. ಕೀಳಲೇಬೇಕು ಅಂದರೆ ಅವರು ಆಂಕಾಲಜಿಸ್ಟ್ ಜೊತೆ ಫೋನಿನಲ್ಲಿ ಮಾತಾಡುವ ತನಕ ಅಮ್ಮನನ್ನು ಆ ಕುರ್ಚಿಯಲ್ಲಿ ಕೂರಿಸಬೇಡಿ.