ಓದುಗರ ಪ್ರಶ್ನೆ, ವೈದ್ಯರ ಉತ್ತರ: ತೋಳಿನ ಬಿಲ್ಲೆ ಮತ್ತು ಬೆರಳಿನ ಹನಿ

ಪ್ರಶ್ನೆ: ನನ್ನ ತಂದೆಯವರಿಗೆ 71 ವರ್ಷ. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕಳೆದ ವಾರ ಮಂಗಳೂರಿನ ವೈದ್ಯರು ಅವರ ತೋಳಿಗೆ ಗ್ಲೂಕೋಸ್ ಸೆನ್ಸರ್, ಅಂದರೆ ಸಕ್ಕರೆಯ ಮಟ್ಟ ಅಳೆದು ಮೊಬೈಲಿಗೆ ತಿಳಿಸುವ ಬಿಲ್ಲೆ, ಅಂಟಿಸಿದರು. ಒಂದು ರಾತ್ರಿ ಮೂರು ಗಂಟೆಗೆ ಮೊಬೈಲ್ 61 ಎಂದು ಕೂಗಿತು. ಗಾಬರಿಯಿಂದ ಎಬ್ಬಿಸಿ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 108 ಇತ್ತು. ಮರುದಿನ ಗಂಜಿ ಉಂಡ ಮೇಲೆ ಸೆನ್ಸರ್ 168 ತೋರಿಸಿದಾಗ ಮೀಟರ್ 196 ತೋರಿಸಿತು. ಯಾವುದನ್ನು ನಂಬಬೇಕು?
– ಬದಿಯಡ್ಕ ಸಮೀಪದ ಓದುಗರೊಬ್ಬರು

ಉತ್ತರ: ಎರಡೂ ಸುಳ್ಳು ಹೇಳುತ್ತಿಲ್ಲ; ಅವು ಅಳೆಯುವ ದ್ರವವೇ ಬೇರೆ. ಮೀಟರ್ ಬೆರಳಿನ ರಕ್ತದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆ. ಸೆನ್ಸರಿನ ಕೂದಲೆಳೆಯಂಥ ತಂತು ಚರ್ಮದ ಕೆಳಗೆ, ಜೀವಕೋಶಗಳ ನಡುವೆ ಇರುವ ದ್ರವದಲ್ಲಿ ಕುಳಿತು ಅಲ್ಲಿನ ಗ್ಲೂಕೋಸನ್ನು ಕೆಲವು ನಿಮಿಷಗಳಿಗೊಮ್ಮೆ ಅಳೆಯುತ್ತದೆ. ರಕ್ತದಿಂದ ಆ ದ್ರವಕ್ಕೆ ಗ್ಲೂಕೋಸ್ ಸೇರಲು ಸುಮಾರು 5ರಿಂದ 15 ನಿಮಿಷ ಹಿಡಿಯುವುದರಿಂದ, ಸಕ್ಕರೆ ಏರುತ್ತಿರುವಾಗ ಸೆನ್ಸರ್ ಹಿಂದೆ ಬೀಳುತ್ತದೆ; ಇಳಿಯುತ್ತಿರುವಾಗಲೂ ಹಾಗೆಯೇ. ಗಂಜಿ ಉಂಡ ಮೇಲಿನ 168 ಮತ್ತು 196ರ ಅಂತರಕ್ಕೆ ಇದೇ ಕಾರಣವಿರಬಹುದು. ಮೀಟರಿನಲ್ಲಿಯೂ ಶೇಕಡಾ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂಬುದನ್ನು ಮರೆಯಬಾರದು. ಹಲಸಿನ ಹಣ್ಣು ಬಿಡಿಸಿದ ಕೈಯನ್ನು ತೊಳೆಯದೆ ಚುಚ್ಚಿದರಂತೂ ಬೆರಳಿಗಂಟಿದ ಸಕ್ಕರೆಯೇ ಲೆಕ್ಕಕ್ಕೆ ಸೇರಿಬಿಡುತ್ತದೆ.

ರಾತ್ರಿಯ ಪ್ರಸಂಗವೇ ಬೇರೆ. ತಂದೆಯವರು ಸೆನ್ಸರ್ ಇರುವ ಕೈಯ ಮಗ್ಗುಲಿಗೆ ಮಲಗಿದ್ದರೇ ಎಂದು ಕೇಳಿ ನೋಡಿ. ದೇಹದ ಭಾರ ಬಿದ್ದಾಗ ಆ ಜಾಗದ ದ್ರವ ಸಂಚಾರ ಕುಗ್ಗಿ, ನಿಜವಾಗಿ ಇಲ್ಲದ ಇಳಿಕೆಯನ್ನು ಸೆನ್ಸರ್ ತೋರಿಸುತ್ತದೆ. ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿನಲ್ಲಿ ಅಂಕಿ ತಾನಾಗಿ ಮೇಲೇರುತ್ತದೆ. ಹೊಸ ಸೆನ್ಸರಿನ ಮೊದಲ ದಿನದ ಅಂಕಿಗಳ ಮೇಲೆಯೂ ಹೆಚ್ಚು ಭರವಸೆ ಇಡಬಾರದು. ನೀವು ಬೆರಳು ಚುಚ್ಚಿ ನೋಡಿದ್ದು ಸರಿಯಾದ ಕ್ರಮ: ಅಂಕಿಗೂ ಮನುಷ್ಯನ ಸ್ಥಿತಿಗೂ ಹೊಂದಿಕೆಯಾಗದಿದ್ದಾಗ ಬೆರಳಿನ ಹನಿಯೇ ತೀರ್ಮಾನಿಸಲಿ.

ಆದರೆ ತಂದೆಯವರು ಬೆವರುತ್ತಿದ್ದರೆ, ನಡುಗುತ್ತಿದ್ದರೆ ಅಥವಾ ಮಾತು ತಡವರಿಸುತ್ತಿದ್ದರೆ ಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ಬಳಿಕ ಬೆರಳಿನಿಂದಲೇ ಮತ್ತೆ ಪರೀಕ್ಷಿಸಿ. ಚೇತರಿಕೆಯ ಸುದ್ದಿ ಸೆನ್ಸರಿಗೆ ತಡವಾಗಿ ಮುಟ್ಟುವುದರಿಂದ, ಅದನ್ನೇ ನೋಡುತ್ತಾ ಮತ್ತೆ ಮತ್ತೆ ಬೆಲ್ಲದ ನೀರು ಕುಡಿಸಿ ಬೆಳಗ್ಗೆ 300 ಮುಟ್ಟಿಸಿದ ಮನೆಗಳನ್ನು ನಾನು ಬಲ್ಲೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಬಿಲ್ಲೆಯ ನಿಜವಾದ ಪ್ರಯೋಜನ ಒಂಟಿ ಅಂಕಿಯಲ್ಲಿಲ್ಲ, ಅದು ಬರೆಯುವ ಗೆರೆಯಲ್ಲಿ ಮತ್ತು ಅಂಕಿಯ ಪಕ್ಕದ ಬಾಣದಲ್ಲಿದೆ. 110 ಇದ್ದು ಬಾಣ ನೇರ ಕೆಳಗೆ ತಿರುಗಿದ್ದರೆ, 85ರಲ್ಲಿ ಅಡ್ಡವಾಗಿರುವ ಬಾಣಕ್ಕಿಂತ ಅದು ಹೆಚ್ಚು ಎಚ್ಚರಿಕೆ ಬೇಡುತ್ತದೆ. ಸಾಮಾನ್ಯವಾಗಿ ವಯಸ್ಕರಿಗೆ ದಿನದ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆಯ ಅಂಕಿ 70ರಿಂದ 180ರ ನಡುವೆ ಇರಬೇಕೆಂಬ ಗುರಿ ಇದೆ. ವಯಸ್ಸಾಗಿ, ಬೇರೆ ಕಾಯಿಲೆಗಳೂ ಇರುವವರಿಗೆ ಶೇಕಡಾ 50 ಸಾಕು. ಆದರೆ 70ಕ್ಕಿಂತ ಕೆಳಗಿರುವ ಹೊತ್ತು ಶೇಕಡಾ ಒಂದನ್ನು, ಅಂದರೆ ದಿನಕ್ಕೆ ಕಾಲು ಗಂಟೆಯನ್ನು, ದಾಟಬಾರದು. ಈ ವಯಸ್ಸಿನಲ್ಲಿ ತುಸು ಹೆಚ್ಚಿನ ಸಕ್ಕರೆಗಿಂತ ರಾತ್ರಿ ಬಚ್ಚಲಿಗೆ ಹೋಗುವಾಗ ತಲೆತಿರುಗಿ ಬೀಳುವುದೇ ದೊಡ್ಡ ಅಪಾಯ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇಂಥ ಇಳಿತಗಳನ್ನು ತೋರಿಸುವುದಿಲ್ಲ. ಏರಿದ್ದೂ ಇಳಿದದ್ದೂ ಕೂಡಿ ಅದರಲ್ಲಿ ಒಳ್ಳೆಯ ಅಂಕಿಯಾಗಿಯೇ ಕಾಣಬಹುದು.

ಇನ್ನೊಂದು ಮಾತು. ಕುಚ್ಚಲಕ್ಕಿಯಾದರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅದೂ ಪಿಷ್ಟವೇ. ಒಂದು ದಿನ ಎರಡು ಬಟ್ಟಲು ಗಂಜಿ, ಮರುದಿನ ಒಂದು ಬಟ್ಟಲು ಗಂಜಿಗೆ ಹೆಸರುಕಾಳಿನ ಪಲ್ಯ ಕೂಡಿಸಿ ಉಣಿಸಿ, ಎರಡು ದಿನಗಳ ಗೆರೆಗಳನ್ನು ತಂದೆಯವರ ಎದುರಿಗೇ ಇಟ್ಟು ನೋಡಿ. ಇನ್ಸುಲಿನ್ ಪ್ರಮಾಣವನ್ನು ಮಾತ್ರ ನೀವಾಗಿ ಬದಲಿಸದೆ, ಎರಡು ವಾರಗಳ ವರದಿಯನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ ನುಂಗುತ್ತೇನೆ. ನನಗೂ ಸೆನ್ಸರ್ ಬೇಕೇ? ಅಡಿಕೆ ತೋಟದ ಕೆಲಸದಲ್ಲಿ ಅದು ಉಳಿಯುತ್ತದೆಯೇ?
– ಪೈವಳಿಕೆಯ ಕೃಷಿಕರು

ಉತ್ತರ: ಸದಾ ಬೇಕಾಗಿಲ್ಲ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಅಪಾಯಕಾರಿಯಾಗಿ ಇಳಿಯುವುದು ಅಪರೂಪ. 14 ದಿನ ಬಾಳುವ ಒಂದು ಸೆನ್ಸರಿಗೆ ಸಾವಿರಾರು ರೂಪಾಯಿ ತೆರಬೇಕಾಗುವುದರಿಂದ, ಔಷಧ ಬದಲಾದಾಗ ಅಥವಾ ಊಟದ ಪರಿಣಾಮ ತಿಳಿಯಬೇಕೆನಿಸಿದಾಗ ಒಮ್ಮೆ ಹಾಕಿಸಿಕೊಂಡರೆ ಸಾಕು. ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲ ಗ್ಲಿಮೆಪಿರೈಡ್‌ನಂಥ ಮಾತ್ರೆಯೂ ಇದ್ದರೆ ಮಾತು ಬೇರೆ. ಚೀಟಿಯನ್ನು ಇನ್ನೊಮ್ಮೆ ಓದಿ ನೋಡಿ.

ತೋಟದ ಕೆಲಸಕ್ಕೆ ಅಡ್ಡಿಯಿಲ್ಲ. ಸ್ನಾನಕ್ಕೂ ಅಡ್ಡಿಯಿಲ್ಲ. ಆದರೆ ಅಂಟಿಸುವ ದಿನ ತೋಳಿಗೆ ತೆಂಗಿನೆಣ್ಣೆ ಹಚ್ಚಬೇಡಿ. ಎಣ್ಣೆಯ ಪಸೆಯ ಮೇಲೆ ಅಂಟು ಎರಡು ದಿನವೂ ನಿಲ್ಲುವುದಿಲ್ಲ. ಗೊನೆ ಹೊರುವ ಹೆಗಲಿನ ಕಡೆ ಬಿಟ್ಟು ಇನ್ನೊಂದು ತೋಳಿಗೆ ಹಾಕಿಸಿಕೊಳ್ಳಿ.