ಎಸ್ಟಿಮೇಟ್ ಆದಮೇಲೆ ಕರೆದು ಏನು ಬಂತು?

ಹಾವೇರಿ ಜಿಲ್ಲೆಯ ಎಂಜಿನಿಯರ್ ಓದುಗರೊಬ್ಬರ ಪತ್ರದ ಸಾರ: “ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ರ‍್ಯಾಂಪು, ಶೌಚಾಲಯ ಕಟ್ಟಿಸಿದೆವು. ಅಳತೆಯೆಲ್ಲ ಮಾರ್ಗಸೂಚಿಯಂತೆಯೇ ಇದೆ. ಮುಗಿದಮೇಲೆ ಅಂಗವಿಕಲರ ಸಂಘದವರು ಬಂದು ‘ಸೈಕಲ್ಲೇ ತಿರುಗುವುದಿಲ್ಲ’ ಎಂದು ತಕರಾರು ಎತ್ತಿದರು. ಅವರನ್ನು ಕೇಳುತ್ತ ಕೂತರೆ ಮಾರ್ಚ್ 31 ದಾಟಿ ಅನುದಾನ ವಾಪಸ್ ಹೋಗುತ್ತದೆ. ಮಾರ್ಗಸೂಚಿ ಪಾಲಿಸಿದರೆ ಸಾಲದೇ?”

ಸಾಲದು ಸ್ವಾಮಿ. ಮಾರ್ಚ್ ತಿಂಗಳ ನಿಮ್ಮ ಪೇಚಾಟ ಸುಳ್ಳಲ್ಲ, ಒಪ್ಪಿದೆವು. ಅಳತೆ ಪಾಲಿಸುವ ಎಂಜಿನಿಯರ್ ಸಿಗುವುದೂ ಅಪರೂಪವೇ. ಮೂರು ಮೆಟ್ಟಿಲಿನ, ಅಂದರೆ 45 ಸೆಂ.ಮೀ. ಎತ್ತರದ ಜಗುಲಿಗೆ 1:12ರ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಲೆಕ್ಕದಲ್ಲಿ 5.4 ಮೀಟರ್ ರ‍್ಯಾಂಪು ಬೇಕು. ಎರಡು ಮೀಟರಿನ ಜಾರುಬಂಡೆ ಕಟ್ಟಿ ಬಿಲ್ ಬರೆಯುವವರೇ ಹೆಚ್ಚು.

ಆದರೆ ಮಾರ್ಗಸೂಚಿಯ ನಕ್ಷೆಯಲ್ಲಿರುವುದು ಗಾಲಿಕುರ್ಚಿ. ನಿಮ್ಮ ಪಂಚಾಯಿತಿಗೆ ಬರುವುದು ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ಲು. ಅದರ ಉದ್ದ ಆರಡಿ ಹತ್ತಿರ. ಕುರ್ಚಿ ತಿರುಗುವ ಒಂದೂವರೆ ಮೀಟರಿನಲ್ಲಿ ಅದು ತಿರುಗದು, ಬಾಗಿಲವರೆಗೆ ಏರಿದವರು ಹಿಮ್ಮುಖವಾಗಿಯೇ ಇಳಿಯಬೇಕು. ಪೋಲಿಯೊದಿಂದ ಕಾಲು ಸೋತು ತೆವಳಿ ಬರುವವರಿಗೆ ಉಬ್ಬುಗಳ ಚೆಕರ್ಡ್ ಟೈಲ್ಸ್ ಅಂಗೈ, ಮೊಣಕಾಲು ತರಚುತ್ತದೆ. ಎತ್ತರದ ಕಮೋಡು ಅವರ ಪಾಲಿಗೆ ಇನ್ನೊಂದು ಜಗುಲಿ. ಕುಷ್ಠದಿಂದ ಬೆರಳು ಮಡಚಿದವರು ಗುಂಡು ತಿರುಪಿನ ನಲ್ಲಿ ತಿರುಗಿಸಲಾರರು, ಮುಂಗೈಯಲ್ಲಿ ತಳ್ಳುವ ಉದ್ದ ಹಿಡಿಯ ನಲ್ಲಿಯೇ ಬೇಕು. ಸಂಘದವರಿಗೆ ಇದು ದಿನದ ಬದುಕು.

ಎಸ್ಟಿಮೇಟಿಗೆ ಮುಂಚೆ ಒಂದು ಬೆಳಗ್ಗೆ ಸಾಕು. ಗೋಡೆ, ಬಾಗಿಲು, ಕಮೋಡು ಎಲ್ಲವನ್ನೂ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಪೂರ್ತಿ ಅಳತೆಗೆ ಗೆರೆ ಹಾಕಿಸಿ. ಅವರು ತಮ್ಮ ಸೈಕಲ್ಲು, ಕುರ್ಚಿ ತಂದು ಒಳಗೆ ತಿರುಗಿಸಿ ನೋಡಲಿ. ಗೆರೆ ಅಳಿಸುವುದಕ್ಕೆ ಖರ್ಚಿಲ್ಲ. ಎರಡನೇ ಸಲ ಗಿಲಾವಿಗೆ ಮುಂಚೆ ಕರೆಯಿರಿ. ನಾಲ್ಕಿಂಚಿನ ಗೋಡೆಗೆ ಪ್ಲಗ್ ಬಡಿದು ಕೂರಿಸಿದ ಹಿಡಿಕಂಬಿ ಮೈಭಾರ ಬಿದ್ದ ದಿನವೇ ಕಿತ್ತು ಬರುತ್ತದೆ. ಅಲ್ಲಿ ಕಾಂಕ್ರೀಟ್ ತುಂಬಿ, ಬೋಲ್ಟನ್ನು ಗೋಡೆಯಾಚೆ ದಾಟಿಸಿ ಬಿಗಿಯಬೇಕು. ಗಿಲಾವು ಮೆತ್ತಿದ ಮೇಲೆ ಒಳಗೇನಿದೆಯೆಂದು ಕಂಡವರಾರು? ಮೂರನೆಯದು ಕೊನೆಯ ಬಿಲ್ಲಿಗೆ ಮುಂಚೆ.

ಬರುವವರ ಆಟೊ ಬಾಡಿಗೆ, ಜೊತೆಗಾರರ ದಿನಗೂಲಿ, ಸನ್ನೆಭಾಷೆಯವರ ಸಂಭಾವನೆ ಯೋಜನೆಯ ಖರ್ಚಿನಲ್ಲೇ ಸೇರಲಿ. ಇಲ್ಲದಿದ್ದರೆ ಕುಂಟುತ್ತಲಾದರೂ ನಡೆದು ಬರಬಲ್ಲ ಗಂಡಸೊಬ್ಬನೇ ಎಲ್ಲರ ಪ್ರತಿನಿಧಿ. ಕಿವಿ ಕೇಳದ ಹೆಣ್ಣುಮಗಳು, ಬೌದ್ಧಿಕ ವೈಕಲ್ಯದ ಮಗುವಿನ ತಾಯಿ ಮನೆಯಲ್ಲೇ ಉಳಿಯುತ್ತಾರೆ.

ಇದು ನಮ್ಮೊಬ್ಬರ ಹಠವಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿದೆ. ನೀತಿ, ನಿರ್ಧಾರಗಳಲ್ಲಿ ಅಂಗವಿಕಲರ ಸಂಘಟನೆಗಳನ್ನು ಕೇಳಿಕೊಂಡೇ ಮುಂದುವರಿಯಬೇಕೆಂದು ಅದರ 4ನೇ ವಿಧಿ ಹೇಳುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಎಣಿಸಿದರೆ, ಕಟ್ಟಡದವರ ಲೆಕ್ಕಕ್ಕೆ ಸಿಕ್ಕಿರುವುದು ಒಂದೇ. ಸಂಘ ನೆನಪಾಗುವುದು ಅಂಗವಿಕಲರ ದಿನವಾದ ಡಿಸೆಂಬರ್ 3ಕ್ಕೆ, ಹಾರ ಹಾಕಲು! ದೊಡ್ಡ ಎನ್‌ಜಿಒಗಳೂ ಏನು ಕಡಿಮೆಯಿಲ್ಲ. ಪ್ರಸ್ತಾವದಲ್ಲಿ ಸಂಘವನ್ನು ‘ಪಾಲುದಾರ’ ಎಂದು ಬರೆದು, ಬಜೆಟ್ಟಿನಲ್ಲಿ ಅದಕ್ಕೆ ಜನ ಸೇರಿಸುವ ಕೂಲಿಯಷ್ಟೇ ಇಟ್ಟಿರುತ್ತಾರೆ.

ಅಂದಹಾಗೆ, ನಿಮ್ಮ ಆ ಶೌಚಾಲಯದಲ್ಲಿ ಈಗ ಪೊರಕೆ, ಬ್ಲೀಚಿಂಗ್ ಪೌಡರ್ ಪೇರಿಸಿ ಬೀಗ ಜಡಿದಿಲ್ಲ ತಾನೆ? ಒಂದು ಕೀ ಸಂಘದವರ ಕೈಯಲ್ಲಿರಲಿ.